ಸೋಲಾ ನಂಬರಿನ ಹುಡುಗ

ಹದಿನಾರಕ್ಕೆ ಮರಾಠಿಯಲ್ಲಿ ಸೋಳಾ ಎನ್ನುತ್ತಾರೆ. ಮುಂಬಯಿಯ ಬೀದಿ ಹಿಂದಿಯಲ್ಲಿ ಅದು ಸೋಲಾ ಆಗುತ್ತದೆ. ಚರ್ಚ್‌ಗೇಟ್‌ನ ಹಾಕಿ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕುಳಿತು ನಾವು ಇಷ್ಟು ವರ್ಷ ಕೂಗಿದ್ದು ಇದನ್ನೇ: “ಸೋಲಾ! ಸೋಲಾ!” ಮೊದಲ ದಿನ ಅದು ನನ್ನ ಕನ್ನಡದ ಕಿವಿಗೆ ಮುಳ್ಳಿನಂತೆ ಚುಚ್ಚಿತ್ತು. ಆಡಲು ಇಳಿದ ಹುಡುಗನೊಬ್ಬನನ್ನು ಜನರೆಲ್ಲ ಸೇರಿ ಸೋಲು ಎಂದು ಕರೆಯುತ್ತಿದ್ದಾರಲ್ಲ ಅನ್ನಿಸಿ, ಪಕ್ಕದಲ್ಲಿ ಕುಳಿತಿದ್ದ, ನಾವೆಲ್ಲ ಆಜೋಬಾ (ಅಜ್ಜ) ಎನ್ನುವ ಮರಾಠಿ ಹಿರಿಯರ ಬಾಯಿ ಮುಚ್ಚಿಸಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಅವನ ಬೆನ್ನ ಮೇಲಿದ್ದ ಅಂಕಿ ಕಣ್ಣಿಗೆ ಬಿದ್ದದ್ದು ಆಮೇಲೆ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಿಮ್ಮಲ್ಲಿ ಹೆಚ್ಚಿನವರು ಕೇಳಿರುವ ಹೆಸರಲ್ಲ. ಭಾರತ ತಂಡದ ಅಂಗಿ ಅವನ ಮೈಮೇಲೆ ಒಮ್ಮೆಯೂ ಬರಲಿಲ್ಲ. ಒಂದು ಸಲ ಶಿಬಿರದ ಸಂಭವನೀಯರ ಪಟ್ಟಿಯವರೆಗೆ ಹೋಗಿದ್ದನಂತೆ, ಅಲ್ಲಿಂದ ಮರಳಿದ. ಅವನು ಆಡಿದ್ದೆಲ್ಲ ಬ್ಯಾಂಕು, ರೈಲ್ವೆ, ತೈಲ ಕಂಪನಿ, ಬಂದರು ಎಂಬ ಇಲಾಖೆಗಳ ತಂಡಗಳಿಗೆ, ಕೆಲವು ಸಲ ಹಬ್ಬಕ್ಕೆ ಕರೆಯುವ ಹಾಗೆ ಒಂದೇ ಪಂದ್ಯಾವಳಿಗೆಂದು ಕರೆಸಿಕೊಂಡ ಕ್ಲಬ್ಬುಗಳಿಗೆ. ನಮ್ಮ ಕಡೆ ಸುಗ್ಗಿಗೆ ಆಳು ಕರೆಯುತ್ತಾರಲ್ಲ, ಹಾಗೆ. ಸುಗ್ಗಿಯ ಆಳಿಗೆ ಹೊಲ ಸ್ವಂತದ್ದಲ್ಲ, ಆದರೆ ಕುಡುಗೋಲು ಹಿಡಿಯಲು ಅವನಷ್ಟು ಬಲ್ಲವರು ಮನೆಯಲ್ಲಿ ಇರುವುದಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ 1993ರಲ್ಲಿ ಮುಂಬಯಿಗೆ ಬಂದೆ. ಚರ್ಚ್‌ಗೇಟ್ ಹತ್ತಿರದ ವಿಮಾ ಕಚೇರಿಯೊಂದರ ಕ್ಲೇಮು ವಿಭಾಗದಲ್ಲಿ ಕೆಲಸ ಸಿಕ್ಕಿತು. ನಮ್ಮವರ ಕಚೇರಿ ಫೋರ್ಟ್‌ನಲ್ಲಿ. ನನ್ನದು ಐದೂವರೆಗೆ ಬಿಟ್ಟರೆ ಅವರದು ಆರೂವರೆಗೆ ಬಿಡುತ್ತಿತ್ತು. ದಹಿಸರ್‌ಗೆ ಇಬ್ಬರೂ ಕೂಡಿಯೇ ಹೋಗುವುದು ನಮ್ಮ ರೂಢಿ. ನಡುವಿನ ಒಂದು ಗಂಟೆಯನ್ನು ಮರೀನ್ ಡ್ರೈವ್‌ನ ಕಟ್ಟೆಯ ಮೇಲೆ ಕಳೆಯುತ್ತಿದ್ದೆ. 2009ರಲ್ಲಿ, ಮಳೆಗಾಲ ಮುಗಿದಿತ್ತು ಎಂದುಕೊಂಡಿದ್ದ ಒಂದು ಸಂಜೆ, ಹಠಾತ್ತನೆ ಮಳೆ ಹೊಡೆಯಿತು. ಕೊಡೆ ಇರಲಿಲ್ಲ. ವಾಂಖೇಡೆಯ ಮಗ್ಗುಲಿನ ಹಾಕಿ ಕ್ರೀಡಾಂಗಣದ ಗೇಟು ತೆರೆದಿತ್ತು, ಟಿಕೆಟ್ ಕೇಳುವವರು ಯಾರೂ ಇರಲಿಲ್ಲ. ಗ್ಯಾಲರಿಯ ಮಾಡಿನ ಕೆಳಗೆ ಹೋಗಿ ನಿಂತೆ.

ಮಳೆಗೆಂದು ಹೋದವಳು ಮಳೆ ನಿಂತ ಮೇಲೂ ಏಳಲಿಲ್ಲ.

ಆ ಜಾಗವನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಒಂದು ಕಡೆ ಪಶ್ಚಿಮ ರೈಲ್ವೆಯ ಹಳಿಗಳು. ಆಟ ನಡೆಯುತ್ತಿರುವಾಗಲೇ ಬೊರಿವಲಿಯ ಗಾಡಿ, ವಿರಾರ್‌ನ ಗಾಡಿ ತುಂಬಿ ಹೋಗುತ್ತಿರುತ್ತದೆ. ಬಾಗಿಲಲ್ಲಿ ನೇತಾಡುವವರು ಒಂದು ಕ್ಷಣ ಮೈದಾನದ ಕಡೆ ಕತ್ತು ತಿರುಗಿಸುತ್ತಾರೆ. ಇನ್ನೊಂದು ಕಡೆ ಕ್ರಿಕೆಟ್ಟಿನ ದೊಡ್ಡ ಮನೆಯ ದೀಪಸ್ತಂಭಗಳು. ಇದೇ ಹಾಕಿ ಮೈದಾನದಲ್ಲಿ 1982ರ ಜನವರಿಯಲ್ಲಿ ವಿಶ್ವಕಪ್ಪಿನ ಫೈನಲ್ ನಡೆದು, ಪಾಕಿಸ್ತಾನ ಪಶ್ಚಿಮ ಜರ್ಮನಿಯನ್ನು 3–1ರಿಂದ ಸೋಲಿಸಿತ್ತು. ಆಗ ಕಾಲಿಡಲು ಜಾಗ ಇರಲಿಲ್ಲವಂತೆ. ನಾನು ಕಂಡ ಸಂಜೆಗಳಲ್ಲಿ ಇರುತ್ತಿದ್ದದ್ದು ಇನ್ನೂರು ಮುನ್ನೂರು ಜನ. ಅವರಲ್ಲಿ ಅರ್ಧದಷ್ಟು ಮಂದಿ ಮುಂದಿನ ಪಂದ್ಯಕ್ಕೆ ಕಾಯುವ ಆಟಗಾರರು.

ಆ ಮೆಟ್ಟಿಲುಗಳ ಮೇಲೆ ನಮ್ಮದೊಂದು ಬಳಗ ಕೂಡಿಕೊಂಡಿತು. ಯಾರೂ ಯಾರನ್ನೂ ಕರೆದು ಕೂಡಿಸಿದ್ದಲ್ಲ. ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದ ಮಾಸ್ತರರು ಒಬ್ಬರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಲು ಬರುತ್ತಿದ್ದ ಹುಡುಗರಿಗೆ ವ್ಯಾಕರಣ ಕಲಿಸಿದವರು. ಕಾಪು ಕಡೆಯ ಅಣ್ಣ ಇನ್ನೊಬ್ಬರು. ಅವರು ಹಾಗೆ ಓದಿಕೊಂಡ ಹುಡುಗರಲ್ಲೇ ಒಬ್ಬರಾಗಿದ್ದವರು, ಈಗ ಹತ್ತಿರದ ಕಚೇರಿಯೊಂದರ ಕ್ಯಾಂಟೀನ್ ನಡೆಸುತ್ತಾರೆ. ಮರಾಠಿ ಆಜೋಬಾ ಅಂಚೆ ಇಲಾಖೆಯವರು, ಸೋಳಾ ಎಂದು ಮೊದಲು ಕೂಗಿದವರು. ಹಾಕಿ ಎಂದರೆ ಕೊಡಗಿನವರ ಆಟ ಎಂದು ಮಾಸ್ತರರು ಹೆಮ್ಮೆಯಿಂದ ಹೇಳುತ್ತಿದ್ದರು. ಕೊಡಗಿನ ಎಂ. ಎಂ. ಸೋಮಯ್ಯ ಮುಂಬಯಿಯಲ್ಲಿ ಭಾರತ್ ಪೆಟ್ರೋಲಿಯಂ ತಂಡಕ್ಕೆ ಆಡಿದವರು, 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಇದ್ದವರು, 1988ರ ಸಿಯೋಲ್‌ನಲ್ಲಿ ನಾಯಕರಾಗಿದ್ದವರು. ಆಜೋಬಾ ಅದಕ್ಕೆ ಉತ್ತರವಾಗಿ ಪುಣೆಯ ಖಡಕಿಯಿಂದ ಬಂದ ಧನರಾಜ್ ಪಿಳ್ಳೆಯವರ ಹೆಸರು ಹೇಳುತ್ತಿದ್ದರು: ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್. ಇಬ್ಬರ ಮಾತೂ ಮುಗಿದ ಮೇಲೆ ಇಬ್ಬರೂ ಕೆಳಗೆ ನೋಡಿ, “ಸೋಲಾ ಇಳಿದನೇ?” ಎಂದು ಕೇಳುತ್ತಿದ್ದರು.

ದೊಡ್ಡ ಹೆಸರುಗಳನ್ನು ಬಲ್ಲ ಈ ಜನ ಇವನನ್ನೇಕೆ ಹಚ್ಚಿಕೊಂಡರು ಎಂದು ನನಗೆ ತಿಳಿಯಲು ಒಂದು ಹಂಗಾಮು ಪೂರ್ತಿ ಹಿಡಿಯಿತು. ಅದನ್ನು ತಿಳಿಯಬೇಕಾದರೆ ಪೆನಾಲ್ಟಿ ಕಾರ್ನರ್ ಎಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಟಿ.ವಿ.ಯಲ್ಲಿ ನಮಗೆ ಕಾಣುವುದು ಚೆಂಡು ಹೊಡೆಯುವವನು ಮಾತ್ರ.

ಪೆನಾಲ್ಟಿ ಕಾರ್ನರ್‌ನಲ್ಲಿ ರಕ್ಷಣೆಗೆ ಗೋಲ್‌ಕೀಪರ್ ಸೇರಿ ಐದೇ ಜನ. ಉಳಿದವರು ಮಧ್ಯರೇಖೆಯ ಆಚೆ ಹೋಗಿ ನಿಲ್ಲಬೇಕು. ಈ ಐವರೂ ಗೋಲಿನ ಗೆರೆಯ ಹಿಂದೆ ನಿಲ್ಲುತ್ತಾರೆ. ಕಂಬದಿಂದ ಹತ್ತು ಮೀಟರ್ ಆಚೆಯಿಂದ ಎದುರಾಳಿ ಚೆಂಡನ್ನು ತಳ್ಳುತ್ತಾನೆ, ಗೋಲಿನ ಮುಂದೆ ಗೆರೆ ಎಳೆದ ಡಿ ಆಕಾರದ ವೃತ್ತದ ಹೊರಗೆ ಒಬ್ಬ ಅದನ್ನು ನಿಲ್ಲಿಸುತ್ತಾನೆ, ಇನ್ನೊಬ್ಬ ಅದನ್ನು ಒಳಕ್ಕೆಳೆದು ಸ್ಟಿಕ್ಕಿನಿಂದ ಗೋಲಿನತ್ತ ಬೀಸಿ ಎಸೆಯುತ್ತಾನೆ. ಇದೇ ಡ್ರ್ಯಾಗ್‌ಫ್ಲಿಕ್. ಚೆಂಡಿನ ತೂಕ 160 ಗ್ರಾಮಿನ ಆಸುಪಾಸು, ಕಲ್ಲಿನಂಥ ಪ್ಲಾಸ್ಟಿಕ್. ಒಳ್ಳೆಯ ಕೈಯಿಂದ ಹೊರಟರೆ ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗ. ತಳ್ಳಿದಲ್ಲಿಂದ ಎಸೆಯುವವರೆಗಿನ ಒಟ್ಟು ವ್ಯವಹಾರ ಎರಡು ಸೆಕೆಂಡಿನ ಒಳಗೆ ಮುಗಿದುಹೋಗುತ್ತದೆ. ಚೆಂಡು ಅಲುಗಿದ ಕ್ಷಣದಲ್ಲೇ ಗೆರೆಯ ಹಿಂದಿನಿಂದ ಒಬ್ಬ ಅದರ ಎದುರಿಗೆ ಓಡುತ್ತಾನೆ. ಅವನೇ ಮೊದಲ ಓಟಗಾರ, ಮೈದಾನದ ಭಾಷೆಯಲ್ಲಿ ಫಸ್ಟ್ ರಷರ್. ಸೋಲಾನ ಕೆಲಸ ಅದು.

ಅವನು ಅದಕ್ಕೆ ಸಿದ್ಧನಾಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗೋಲಿನ ಬಲೆಯ ಹಿಂದೆ ಇಟ್ಟ ಚೀಲದಿಂದ ಮುಖವಾಡ ತೆಗೆಯುತ್ತಾನೆ. ಪಟ್ಟಿಯನ್ನು ತಲೆಯ ಹಿಂದಕ್ಕೆ ಎಳೆದು, ಗಲ್ಲದ ಹತ್ತಿರ ಎರಡು ಬೆರಳು ಒಳಗೆ ತೂರಿಸಿ ಬಿಗಿ ನೋಡುತ್ತಾನೆ. ಮೊಣಕಾಲಿನ ಕವಚವನ್ನು ಬಲಗಾಲಿಗೆ ಮೊದಲು ಕಟ್ಟುತ್ತಾನೆ. ಎಡಗೈಗೆ ದಪ್ಪ ಗ್ಲೌಸು. ಆಮೇಲೆ ಗೋಲ್‌ಕೀಪರನ ಹತ್ತಿರ ಹೋಗಿ, ಅವನ ಹೆಲ್ಮೆಟ್ಟಿಗೆ ತನ್ನ ಹಣೆ ತಾಗುವಷ್ಟು ಬಾಗಿ, ಏನೋ ಒಂದು ಮಾತು ಹೇಳುತ್ತಾನೆ. ಯಾವ ಮೂಲೆ ತನ್ನದು, ಯಾವುದು ಕೀಪರನದು ಎಂಬ ಹಂಚಿಕೆ ಅದು. ಓಡುವವನು ಒಂದು ಬದಿಯನ್ನು ತನ್ನ ಮೈಯಿಂದಲೇ ಮುಚ್ಚಿಬಿಟ್ಟರೆ, ಉಳಿದ ಬದಿಯನ್ನು ಕೀಪರ್ ನೋಡಿಕೊಳ್ಳುತ್ತಾನೆ.

ನಿಯಮದ ಪುಸ್ತಕದಲ್ಲಿ ಒಂದು ಸಾಲು ಇದೆ. ಓದಿದ ದಿನ ನನಗೆ ಊಟ ಸೇರಲಿಲ್ಲ. ಐದು ಮೀಟರಿನ ಒಳಗಿರುವ ಓಟಗಾರನಿಗೆ ಕಾರ್ನರ್‌ನ ಮೊದಲ ಹೊಡೆತ ಮೊಣಕಾಲಿನ ಕೆಳಗೆ ಬಡಿದರೆ ಎದುರಾಳಿಗೆ ಮತ್ತೊಂದು ಪೆನಾಲ್ಟಿ ಕಾರ್ನರ್. ಮೊಣಕಾಲಿಗೆ ಅಥವಾ ಅದರ ಮೇಲೆ ಬಡಿದರೆ ಹೊಡೆತ ಅಪಾಯಕಾರಿ ಎಂದು ಲೆಕ್ಕ, ರಕ್ಷಿಸುವವರಿಗೆ ಫ್ರೀ ಹಿಟ್. ಹಾಗೆಂದು ಬೇಕೆಂದೇ ಚೆಂಡಿಗೆ ಮೈಯೊಡ್ಡಿ ನುಗ್ಗುವಂತಿಲ್ಲ, ಸ್ಟಿಕ್ಕಿನಿಂದ ಆಡುವ ಪ್ರಯತ್ನ ಕಾಣಬೇಕು, ಇಲ್ಲದಿದ್ದರೆ ತಪ್ಪು ಅವನದೇ. ಆದರೂ ಲೆಕ್ಕ ಹಾಕಿ ನೋಡಿ: ಕಣಕಾಲಿಗೆ ಬಿದ್ದರೆ ಆ ನೋವು ತಂಡಕ್ಕೆ ಉಪಯೋಗವಿಲ್ಲ, ತೊಡೆಗೆ ಬಿದ್ದರೆ ಉಪಯೋಗವಿದೆ. ನಾವು ಮೇಲೆ ಕುಳಿತವರು, ಅವನನ್ನು ಮನೆಯ ಮಗನಂತೆ ಕಂಡವರು, ಚೆಂಡು ಎಲ್ಲಿ ಬಡಿಯಿತು ಎಂದು ಕತ್ತು ಚಾಚಿ ನೋಡುತ್ತಿದ್ದೆವು. ತೊಡೆಗೆ ಬಡಿದಿದ್ದರೆ ಕೈತಟ್ಟುತ್ತಿದ್ದೆವು. ಆ ಚಪ್ಪಾಳೆಯ ಬಗ್ಗೆ ನನಗೆ ಈಗಲೂ ಮನಸ್ಸಿನಲ್ಲಿ ಒಂದು ಕಸಿವಿಸಿ ಉಳಿದಿದೆ.

ಒಂದು ಸಲ ಹೀಗೇ ಎಡತೊಡೆಗೆ ಬಿತ್ತು. ಕುಸಿದು ಕುಳಿತ. ಎದುರಾಳಿ ತಂಡದ ಫ್ಲಿಕ್ ಹೊಡೆದ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಗಾಬರಿಯಾಗಿ ಓಡಿ ಬಂದ. ಸೋಲಾ ನೆಲದ ಮೇಲೆ ಕುಳಿತೇ ಮುಖವಾಡ ಮೇಲಕ್ಕೆ ಸರಿಸಿ, ಆ ಹುಡುಗನ ಕಾಲು ತಟ್ಟಿ, ಚೆಂಡು ಚೆನ್ನಾಗಿ ಎದ್ದಿತ್ತು ಎಂದು ಕೈಯಲ್ಲೇ ತೋರಿಸಿದ. ಎರಡು ನಿಮಿಷ ಹೊರಗೆ ಕುಳಿತು ಮಂಜುಗಡ್ಡೆ ಒತ್ತಿಕೊಂಡು ಮತ್ತೆ ಒಳಗೆ ಬಂದ. ಆಗ ಆಜೋಬಾ ಎದ್ದು ನಿಂತಿದ್ದರು. ಕೂಗಲಿಲ್ಲ, ಬರೀ ನಿಂತಿದ್ದರು.

ಅವನು ಹುಬ್ಬಳ್ಳಿಯವನು ಎಂದು ಗೊತ್ತಾದದ್ದು ಅದೇ ಸಂಜೆ. ಆಟ ಮುಗಿದು ಗೇಟಿನ ಹತ್ತಿರ ನಿಂತಿದ್ದಾಗ, ನಮ್ಮವರಿಗೆ ಫೋನಿನಲ್ಲಿ ನಾನು ಕನ್ನಡದಲ್ಲಿ ಹೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಕುಂಟುತ್ತಲೇ ಹತ್ತಿರ ಬಂದು, “ಅಕ್ಕಾ, ನೀವು ನಮ್ಮ ಕಡೆಯವರೇ?” ಎಂದ.

“ಧಾರವಾಡ. ನೀನು, ತಮ್ಮಾ?”

“ಹುಬ್ಬಳ್ಳಿ. ನಮ್ಮ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದರು.”

ಹದಿನಾರೇ ಏಕೆ ಎಂದು ಕೇಳಿದೆ. ಚಿಕ್ಕವನಿದ್ದಾಗ ಓಣಿಯ ತಂಡಕ್ಕೆ ಹೊಸ ಅಂಗಿ ಬಂದಿದ್ದವಂತೆ. ದೊಡ್ಡ ಹುಡುಗರು ತಮಗೆ ಬೇಕಾದ ಅಂಕಿಗಳನ್ನು ಆರಿಸಿಕೊಂಡ ಮೇಲೆ ಕೊನೆಗೆ ಉಳಿದದ್ದು ಅದೊಂದು. “ಅಳತೆಯೂ ದೊಡ್ಡದಿತ್ತು ಅಕ್ಕಾ, ಅವ್ವ ಎರಡೂ ಬದಿ ಹೊಲಿಗೆ ಹಾಕಿ ಕೊಟ್ಟಳು. ಅಂದಿನಿಂದ ಯಾವ ತಂಡಕ್ಕೆ ಹೋದರೂ ಅದನ್ನೇ ಕೇಳುತ್ತೇನೆ. ಯಾರಿಗೂ ಬೇಡವಾದ ಅಂಕಿ, ಕೇಳಿದ ಕೂಡಲೇ ಕೊಡುತ್ತಾರೆ.”

ಮರುದಿನ ನಮ್ಮವರು ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡು ತಾವೇ ಮೈದಾನಕ್ಕೆ ಬಂದರು. ಅಂದಿನಿಂದ ಅವರೂ ಬಳಗದವರಾದರು. ದಹಿಸರ್ ತಲುಪುವುದು ಒಂದು ಗಂಟೆ ತಡವಾಗತೊಡಗಿತು.

ಅವನ ತಂಡಗಳ ಲೆಕ್ಕವನ್ನು ಇಡುತ್ತಿದ್ದವರು ಮಾಸ್ತರರು. ಡೈರಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದರು. ಹಳದಿ ಅಂಗಿ, ಕಡುಗೆಂಪು ಅಂಗಿ, ಆಕಾಶ ನೀಲಿ, ಮತ್ತೆ ಹಳದಿ. ಒಂದು ವರ್ಷ ಒಂದೇ ಹಂಗಾಮಿನಲ್ಲಿ ಮೂರು ಬಣ್ಣ. ಇಲಾಖೆಯ ತಂಡಗಳಲ್ಲಿ ಎರಡು ಬಗೆ ಇದೆ. ಕ್ರೀಡಾ ಕೋಟಾದಲ್ಲಿ ಕಾಯಂ ಕೆಲಸ ಸಿಕ್ಕವರು ಒಂದು ಬಗೆ. ಅವರಿಗೆ ಆಟ ನಿಂತ ಮೇಲೂ ಮೇಜು ಕುರ್ಚಿ ಇರುತ್ತದೆ, ಬಡ್ತಿ ಇರುತ್ತದೆ, ಪಿಂಚಣಿಯ ನೆಮ್ಮದಿಯೂ ಇರುತ್ತದೆ. ಗುತ್ತಿಗೆಯವರು ಇನ್ನೊಂದು ಬಗೆ. ಅವರಿಗೆ ತಿಂಗಳ ಇಷ್ಟು ಎಂಬ ಸ್ಟೈಪೆಂಡ್, ವರ್ಷಕ್ಕೊಮ್ಮೆ ನವೀಕರಣ. ಒಂದೇ ಸಾಲಿನಲ್ಲಿ ನಿಂತು ತಂಡದ ಫೋಟೋ ತೆಗೆಸಿಕೊಂಡರೂ ಯಾರು ಯಾವ ಬಗೆ ಎಂಬುದು ಶೂ ನೋಡಿದರೆ ತಿಳಿಯುತ್ತದೆ ಎಂದು ಕಾಪು ಅಣ್ಣ ಹೇಳುತ್ತಿದ್ದರು. ಸೋಲಾನ ಶೂಗಳ ಅಡಿಯಲ್ಲಿ ರಬ್ಬರಿನ ಗುಬುಟುಗಳು ಸವೆದು ಸಪಾಟಾಗಿರುತ್ತಿದ್ದವು. ನೀರು ಹಾಯಿಸಿದ ಟರ್ಫ್‌ನ ಮೇಲೆ ಅವನ್ನು ಹಾಕಿಕೊಂಡು ಆ ವೇಗದಲ್ಲಿ ಹೇಗೆ ಓಡುತ್ತಿದ್ದನೋ!

2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಎಂಬುದು ಬಂತು. ಮುಂಬಯಿ ಮರೀನ್ಸ್, ಪುಣೆ ಸ್ಟ್ರೈಕರ್ಸ್, ಕರ್ನಾಟಕ ಲಯನ್ಸ್ ಹೀಗೆ ಎಂಟು ತಂಡ. ಅವುಗಳಲ್ಲೊಂದರ ಬೆಂಚಿನಲ್ಲಿ ನಮ್ಮವನೂ ಇದ್ದ. ದೀಪದ ಬೆಳಕು, ಟಿ.ವಿ. ಕ್ಯಾಮೆರಾ, ಹೆಸರು ಹೇಳಿ ಒಳಗೆ ಕರೆಯುವ ಧ್ವನಿವರ್ಧಕ. ಏಪ್ರಿಲ್‌ನಲ್ಲಿ ಫೈನಲ್ ನಡೆದದ್ದು ನಮ್ಮದೇ ಚರ್ಚ್‌ಗೇಟ್‌ನಲ್ಲಿ. ಶೇರ್-ಎ-ಪಂಜಾಬ್ ಪುಣೆಯನ್ನು 5–2ರಿಂದ ಸೋಲಿಸಿತು. ಆ ಲೀಗು ಒಂದೇ ವರ್ಷಕ್ಕೆ ಮುಗಿದುಹೋಯಿತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾದಾಗ ಇವನಿಗೆ ಕರೆ ಬರಲಿಲ್ಲ. 2017ರ ಫೈನಲ್‌ನಲ್ಲಿ ದಬಂಗ್ ಮುಂಬಯಿ ಕಳಿಂಗ ಲ್ಯಾನ್ಸರ್ಸ್‌ಗೆ 1–4ರಿಂದ ಸೋತಿತು, ಆಮೇಲೆ ಏಳು ವರ್ಷ ಆ ಲೀಗೂ ಮಲಗಿತು. ಇವೆಲ್ಲ ಬಂದು ಹೋಗುತ್ತಿದ್ದ ದೊಡ್ಡ ಮಳೆಗಳು. ಅವನು ಬದುಕಿದ್ದು ಬಾವಿಯ ನೀರಿನ ಮೇಲೆ: ಬಾಂಬೆ ಗೋಲ್ಡ್ ಕಪ್, ಸ್ಥಳೀಯ ಲೀಗು, ಅಲ್ಲೊಂದು ಇಲ್ಲೊಂದು ಅಖಿಲ ಭಾರತ ಪಂದ್ಯಾವಳಿ.

2016ರ ಆ ಸೆಮಿಫೈನಲ್ಲಿನ ಬಗ್ಗೆ ಬರೆಯಲೇಬೇಕು.

ಎರಡು–ಎರಡು ಸಮ. ಇನ್ನು ಎರಡು ನಿಮಿಷವೂ ಉಳಿದಿರಲಿಲ್ಲ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಸೋಲಾ ಎಂದಿನಂತೆ ಚೀಲದ ಹತ್ತಿರ ಹೋದ, ಪಟ್ಟಿ ಎಳೆದ, ಕೀಪರನಿಗೆ ಬಾಗಿ ಮಾತು ಹೇಳಿದ. ಕೀಪರ್ ಅಂದು ಹೊಸಬ, ಕಾಲೇಜು ಹುಡುಗ. ಡಿ ವೃತ್ತದ ನೆತ್ತಿಯ ಮೇಲೆ ಎದುರಾಳಿಗಳು ಎರಡು ಗುಂಪಾಗಿ ನಿಂತಿದ್ದರು. ಚೆಂಡು ಅಲುಗಿತು. ಸೋಲಾ ಮೊದಲ ಗುಂಪಿನ ಕಡೆ ಬಾಣದಂತೆ ಹೋದ. ಚೆಂಡು ಹೋದದ್ದು ಎರಡನೆಯ ಗುಂಪಿಗೆ. ಅವನು ನಡುದಾರಿಯಲ್ಲಿ ಎಡಗಾಲೂರಿ ತಿರುಗಿದ. ಆ ಸವೆದ ಶೂ ಜಾರಿತೋ, ತಿರುಗಲು ಹೊತ್ತೇ ಸಾಲಲಿಲ್ಲವೋ. ಚೆಂಡು ಅವನು ತನ್ನದು ಎಂದು ವಹಿಸಿಕೊಂಡಿದ್ದ ಮೂಲೆಗೇ ಬಿದ್ದು ಹಲಗೆ ಬಡಿದ ಸದ್ದು ನಮ್ಮವರೆಗೆ ಕೇಳಿಸಿತು.

ಆಟ ಮುಗಿಯಿತು. ಅಂಚಿನಿಂದ ಮ್ಯಾನೇಜರ್ ಏನೇನೋ ಕಿರುಚುತ್ತಿದ್ದರು. ನಮ್ಮ ಹಿಂದಿನ ಮೆಟ್ಟಿಲಿನಿಂದ ಒಬ್ಬ, “ಈ ಮುದುಕನನ್ನು ಇನ್ನೂ ಯಾಕೆ ಆಡಿಸುತ್ತಾರೆ?” ಎಂದ. ಮುದುಕನಿಗೆ ಆಗ ಇಪ್ಪತ್ತೇಳು ವರ್ಷ. ರಕ್ಷಣೆಗೆ ನಿಂತಿದ್ದ ಉಳಿದ ಮೂವರು ಮುಖವಾಡ, ಗ್ಲೌಸುಗಳನ್ನು ಬಲೆಯ ಹಿಂದೆ ಬಿಸಾಡಿ ನಡೆದುಬಿಟ್ಟರು. ಸೋಲಾ ಮೊದಲು ಕೀಪರನ ಹತ್ತಿರ ಹೋದ. ಆ ಹುಡುಗ ಕಂಬಕ್ಕೆ ಒರಗಿ ಕುಳಿತು ಅಳುತ್ತಿದ್ದ. ಅವನ ಎರಡೂ ತೋಳು ಹಿಡಿದು ಎಬ್ಬಿಸಿ, ತನ್ನ ಎದೆಯನ್ನು ಬೆರಳಿನಿಂದ ಎರಡು ಸಲ ಮುಟ್ಟಿ ತೋರಿಸಿದ. ಆ ಮೂಲೆ ನನ್ನದು ಎಂಬ ಅರ್ಥ. ಆಮೇಲೆ ಮೊಣಕಾಲೂರಿ ಕುಳಿತು ಬಿಸಾಡಿದ ಮುಖವಾಡಗಳನ್ನು ಒಂದೊಂದಾಗಿ ಹೆಕ್ಕಿದ. ಪಟ್ಟಿಗಳನ್ನು ಮಡಿಸಿ ಒಳಗೆ ಸೇರಿಸಿದ. ಗ್ಲೌಸುಗಳನ್ನು ಜೋಡಿ ನೋಡಿ ಇಟ್ಟ. ಒಂದರ ಜೋಡಿ ಸಿಗಲಿಲ್ಲ. ಬಲೆಯ ಸುತ್ತ ಒಂದು ಸುತ್ತು ಬಂದು ಹುಡುಕಿ ತಂದ. ಅಷ್ಟು ಹೊತ್ತಿಗೆ ಮೈದಾನದಲ್ಲಿ ಅವನೊಬ್ಬನೇ ಇದ್ದ.

ನಾವು ಯಾರೂ ಬಾಯಿ ಬಿಡಲಿಲ್ಲ. ಆಜೋಬಾ ಎಂದಿನಂತೆ ಕೂಗಲು ಬಾಯಿ ತೆರೆದವರು ಸುಮ್ಮನಾದರು. ಆ ಹೊತ್ತಿನಲ್ಲಿ ಆ ಹೆಸರು ಕೂಗಿದರೆ ಅವನ ಕನ್ನಡದ ಕಿವಿಗೆ ಏನಾಗಿ ಕೇಳಿಸಬಹುದು ಎಂದು ನನ್ನ ಹೊಟ್ಟೆಯಲ್ಲಿ ಸಂಕಟ. ಅದನ್ನು ಮಾಸ್ತರರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆ ಹೇಳಿದರು: “ನೋಡಿ ತಾಯಿ, ಹಳೆಯ ಕನ್ನಡದಲ್ಲಿ ಬಾರನು ಎಂದರೆ ಬರುವುದಿಲ್ಲ. ಕೊಡನು ಎಂದರೆ ಕೊಡುವುದಿಲ್ಲ. ಸೋಲನು ಎಂದರೆ ಏನಾಯಿತು? ನಮ್ಮೂರ ಹಿರಿಯರ ಬಾಯಲ್ಲಿ ಆ ‘ನು’ ಕೂಡ ಬಿದ್ದುಹೋಗುತ್ತಿತ್ತು. ಅವ ಬಾರ, ಅವ ಕೊಡ, ಅವ ಸೋಲ.” ಹಾಗೆಂದವರೇ, ಎಂಬತ್ತರ ಹತ್ತಿರದ ಆ ಮುದಿ ದನಿಯಲ್ಲಿ, ಎದ್ದು ನಿಂತು ಕೂಗಿದರು. ನಾವೆಲ್ಲರೂ ಕೂಗಿದೆವು. ಅವನು ತಲೆ ಎತ್ತಿದ. ಒಂದು ಕೈಯಲ್ಲಿ ಚೀಲ ಇತ್ತು, ಇನ್ನೊಂದನ್ನು ಎತ್ತಿದ.

ಅದು ಕರುಣೆಯ ಕೂಗು ಎಂದು ಯಾರಾದರೂ ತಿಳಿದರೆ ನನಗೆ ಸಮ್ಮತವಿಲ್ಲ. ಪಾಪದ ಹುಡುಗ, ದೊಡ್ಡದಾಗಲಿಲ್ಲ, ಆದರೂ ನಾವು ಕೈ ಬಿಡಲಿಲ್ಲ ಎಂಬ ಬಗೆಯ ಪ್ರೀತಿ ನಮ್ಮದಲ್ಲ. ಅವನು ಆಟ ಬಲ್ಲವನು, ಬಹಳ ಚೆನ್ನಾಗಿ ಬಲ್ಲವನು. ಆ ದಿನದ ಒಂದು ಓಟ ತಪ್ಪಿತು. ತಪ್ಪದೇ ಇದ್ದ ನೂರಾರು ಓಟಗಳನ್ನು ನಾವು ನೋಡಿದ್ದೇವೆ. ಆದರೆ ಪಂದ್ಯದ ಹಾಳೆಯಲ್ಲಿ ಗೋಲು ಹೊಡೆದವರ ಹೆಸರಿಗೆ ಜಾಗ ಇದೆ, ಕಾರ್ಡು ಪಡೆದವರ ಹೆಸರಿಗೂ ಇದೆ. ಓಡಿ ಬಂದವನನ್ನು ಕಂಡು ಹೊಡೆಯುವವನು ಕೈ ಬದಲಿಸಿ, ಚೆಂಡು ಕಂಬದ ಹೊರಗೆ ಹೋಯಿತಲ್ಲ, ಅದನ್ನು ಬರೆಯಲು ಅಲ್ಲಿ ಅಂಕಣವಿಲ್ಲ. ಅದನ್ನು ನೋಡಿದವರು ನೆನಪಿಟ್ಟುಕೊಂಡರಷ್ಟೇ ಉಂಟು. ನಾನು ಕ್ಲೇಮು ವಿಭಾಗದಲ್ಲಿ ಕಡತ ನೋಡಿದವಳು. ಕಾಗದದ ಮೇಲೆ ಇಲ್ಲದ್ದು ನಡೆದೇ ಇಲ್ಲ ಎಂದು ತೀರ್ಮಾನಿಸುವುದು ಎಷ್ಟು ಸುಲಭ ಎಂಬುದು ನನಗೆ ಗೊತ್ತು. ಅದಕ್ಕೇ ಆ ಮೆಟ್ಟಿಲುಗಳ ಮೇಲೆ ನಾವು ಇರಬೇಕಿತ್ತು.

ಈ ಕೆಲಸದ ಬೆಲೆಯನ್ನು ದೇಶವೆಲ್ಲ ಕಂಡದ್ದು 2024ರ ಪ್ಯಾರಿಸ್‌ನಲ್ಲಿ. ಭಾರತ ತಂಡದ ಮೊದಲ ಓಟಗಾರ ಅಮಿತ್ ರೋಹಿದಾಸ್. ಬ್ರಿಟನ್ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ಅವರಿಗೆ ಕೆಂಪು ಕಾರ್ಡು ಬಿತ್ತು. ಉಳಿದ ಹತ್ತು ಮಂದಿ 1–1ಕ್ಕೆ ಹಿಡಿದು ಶೂಟೌಟ್‌ನಲ್ಲಿ ಗೆದ್ದರು. ಆದರೆ ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ರೋಹಿದಾಸ್ ಇರಲಿಲ್ಲ. ಜರ್ಮನಿಯ ಮೊದಲ ಗೋಲು ಪೆನಾಲ್ಟಿ ಕಾರ್ನರ್‌ನಲ್ಲೇ ಬಂತು, ಪಂದ್ಯ 2–3ರಿಂದ ಕೈ ತಪ್ಪಿತು. ಆ ಗೋಲು ಬಿದ್ದ ನಿಮಿಷಕ್ಕೆ ನನ್ನ ಮೊಬೈಲಿಗೆ ಸಂದೇಶ ಬಂತು. “ನೋಡಿದಿರಾ ಅಕ್ಕಾ, ಓಡುವವನು ಇಲ್ಲ.” ಅಷ್ಟೇ ಬರೆದಿದ್ದ. ಮರುಕ್ಷಣ ಅಳಿಸಿಹಾಕಿದ. ಯಾಕೆ ಅಳಿಸಿದೆ ಎಂದು ನಾನು ಕೇಳಲಿಲ್ಲ.

ಅಷ್ಟು ಹೊತ್ತಿಗೆ ಅವನ ಕೈಯಲ್ಲಿ ಗುತ್ತಿಗೆಯೂ ಇರಲಿಲ್ಲ. 2018ರಲ್ಲಿ ಅವನು ಆಡುತ್ತಿದ್ದ ಸಂಸ್ಥೆ, ಹೆಸರು ಬೇಡ, ನವೀಕರಣ ಇಲ್ಲ ಎಂದು ಎರಡು ಸಾಲಿನ ಪತ್ರ ಕೊಟ್ಟಿತು. ಆರು ವರ್ಷ ಅವರ ಅಂಗಿ ಹಾಕಿದವನಿಗೆ ಎರಡು ಸಾಲು. ಅದರಲ್ಲೂ ಹೆಸರಿನ ಒಂದಕ್ಷರ ತಪ್ಪಾಗಿತ್ತು. ಅದನ್ನು ನಮ್ಮ ಮನೆಗೆ ತಂದು ತೋರಿಸಿದಾಗ ನಮ್ಮವರ ಕೈ ನಡುಗುತ್ತಿತ್ತು, ಅವನದಲ್ಲ. ಆಮೇಲೆ ಉಪನಗರದ ಶಾಲೆಯೊಂದರಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಕಲಿಸುವ ಕೆಲಸ ಹಿಡಿದ. ಕೊರೊನಾ ಕಾಲದಲ್ಲಿ ಹುಬ್ಬಳ್ಳಿಗೆ ಹೋಗಿ ಎರಡು ವರ್ಷ ಅಲ್ಲೇ ಇದ್ದ, ಮತ್ತೆ ಬಂದ.

2024ರ ಅಕ್ಟೋಬರ್‌ನಲ್ಲಿ, ಮರಳಿ ಆರಂಭವಾಗುವ ಲೀಗಿಗೆ ದಿಲ್ಲಿಯಲ್ಲಿ ಹರಾಜು ನಡೆಯಿತು. ನಾನು ನಿವೃತ್ತಳಾಗಿ ಒಂದು ವರ್ಷವಾಗಿತ್ತು. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದೆ. ನಾಯಕ ಹರ್ಮನ್‌ಪ್ರೀ‌ತ್ ಸಿಂಗ್ ಅವರಿಗೆ 78 ಲಕ್ಷ ರೂಪಾಯಿ, ಎಲ್ಲರಿಗಿಂತ ಹೆಚ್ಚು. ಸಂತೋಷವೇ ಆಯಿತು, ಹಾಕಿಯವನಿಗೆ ಅಷ್ಟು ದುಡ್ಡು ಬರುವುದನ್ನು ಮಾಸ್ತರರು ನೋಡಬೇಕಿತ್ತು ಅನ್ನಿಸಿತು, ಅವರು ತೀರಿಕೊಂಡು ಆಗ ಎರಡು ವರ್ಷ. ಅತಿ ಕಡಿಮೆಯ ಮೂಲಬೆಲೆ ಎರಡು ಲಕ್ಷ. ಆ ಎರಡು ಲಕ್ಷದ ಸಾಲಿನಲ್ಲಾದರೂ ಅವನ ಹೆಸರು ಬರುತ್ತದೇನೋ ಎಂದು ಕಾದೆ. ಎಂಟು ಪುರುಷರ ತಂಡಗಳಲ್ಲಿ ಮುಂಬಯಿ ಹೆಸರಿನದೂ ಇರಲಿಲ್ಲ, ಕರ್ನಾಟಕದ ಹೆಸರಿನದೂ ಇರಲಿಲ್ಲ. ಅವನ ಹೆಸರು ಕೂಗುವ ಸರದಿಯೇ ಬರಲಿಲ್ಲ. ರಾತ್ರಿ ಫೋನ್ ಮಾಡಿದರೆ, “ಅಕ್ಕಾ, ನಮ್ಮ ಶಾಲೆಯ ಹುಡುಗ ಜಿಲ್ಲಾ ತಂಡಕ್ಕೆ ಆಯ್ಕೆಯಾದ” ಎಂದು ಅದನ್ನೇ ಅರ್ಧ ಗಂಟೆ ಹೇಳಿದ. ಹರಾಜಿನ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಈ ವರ್ಷ ಒಂದು ಸಣ್ಣ ಕ್ಲಬ್ಬು ಅವನನ್ನು ಸ್ಥಳೀಯ ಪಂದ್ಯಾವಳಿಗೆ ಕರೆಯಿತು. ವಯಸ್ಸು ಮೂವತ್ತಾರು. ದಹಿಸರ್‌ನಿಂದ ಮಧ್ಯಾಹ್ನದ ಗಾಡಿ ಹಿಡಿದು ನಾನು, ನಮ್ಮವರು ಹೋದೆವು. ಕಾಪು ಅಣ್ಣ ಕ್ಯಾಂಟೀನನ್ನು ಮಗನಿಗೆ ಒಪ್ಪಿಸಿ ಬಂದಿದ್ದರು. ಆಜೋಬಾ ಅವರನ್ನು ಮೊಮ್ಮಗಳು ಕೈ ಹಿಡಿದು ಕರೆತಂದಿದ್ದಳು. ಅವರಿಗೆ ಈಗ ಮೈದಾನದ ಆಚೆ ಬದಿ ಸರಿಯಾಗಿ ಕಾಣುವುದಿಲ್ಲ. ಮಾಸ್ತರರು ಕೂರುತ್ತಿದ್ದ ಜಾಗದಲ್ಲಿ ನಮ್ಮವರು ಊಟದ ಚೀಲ ಇಟ್ಟರು.

ತಂಡಗಳು ಇಳಿದವು. ಹದಿನಾರು ಹುಡುಕಿದೆ, ಸಿಕ್ಕಿತು. ಆದರೆ ಓಟ ಬೇರೆ, ಮೈಕಟ್ಟು ಬೇರೆ. ಹದಿನೆಂಟು ತುಂಬಿರದ ಹುಡುಗ. ಸೋಲಾ ಸ್ವಲ್ಪ ಹಿಂದೆ ಬರುತ್ತಿದ್ದ, ಬೆನ್ನ ಮೇಲೆ ಇಪ್ಪತ್ತೆರಡು. ಆ ಹುಡುಗನಿಗೆ ಬೇರೆ ಅಂಗಿಗಳು ದೊಡ್ಡದಾಗುತ್ತಿದ್ದವಂತೆ, ಇದೊಂದು ಅಳತೆಗೆ ಸರಿಯಾಯಿತಂತೆ. ಇವನು ತನಗೆ ಬೇಕೆಂದು ಕೇಳಲೇ ಇಲ್ಲ. ಆಟ ಮುಗಿದ ಮೇಲೆ ತಿಳಿಯಿತು.

ಎರಡನೆಯ ಕ್ವಾರ್ಟರ್‌ನಲ್ಲಿ ಎದುರಾಳಿಗೆ ಪೆನಾಲ್ಟಿ ಕಾರ್ನರ್. ಬಲೆಯ ಹಿಂದೆ ಇಬ್ಬರೂ ಚೀಲಕ್ಕೆ ಬಾಗಿದರು. ಓಡುವ ಮುಖವಾಡ ಈ ಸಲ ಯಾರ ಮುಖಕ್ಕೆ ಹೋಗುತ್ತದೆ ಎಂದು ನಾನು ಮುಂದೆ ಬಾಗಿ ನೋಡುತ್ತಿದ್ದೆ. ಇಪ್ಪತ್ತೆರಡು ಅದನ್ನು ಹುಡುಗನ ತಲೆಗೆ ಹಾಕಿ, ಪಟ್ಟಿ ಎಳೆದು, ಗಲ್ಲದ ಹತ್ತಿರ ಎರಡು ಬೆರಳು ತೂರಿಸಿ ಬಿಗಿ ನೋಡಿತು. ಕಣ್ಣು ಸರಿಯಾಗಿ ಕಾಣದ ಆಜೋಬಾ, ಕಾರ್ನರ್ ಎಂದು ಮೊಮ್ಮಗಳು ಹೇಳಿದ್ದೇ ತಡ, ಎದ್ದು ನಿಂತು ಹಳೆಯ ದನಿಯಲ್ಲಿ ಕೂಗಿದರು.

“ಸೋಳಾ!”

ಗೋಲಿನ ಗೆರೆಯ ಹಿಂದೆ ನಿಂತಿದ್ದವರಲ್ಲಿ ಇಬ್ಬರು ತಲೆ ಎತ್ತಿ ನಮ್ಮ ಕಡೆ ನೋಡಿದರು.